ಗಣಕದ ಉಗ್ರಾಣ: ಲಿನಕ್ಸ್ ವಿತರಣೆಯ ಆಯ್ಕೆಯೂ ತಂತ್ರಾಂಶಗಳ ಪರಸ್ಪರಾವಲಂಬನೆಯೂ

ಹಿಂದೆ ನಮ್ಮ ಸೀಮೆಯ ಶಾಲೆಗಳಿಗೆ ದಾನ ಮಾಡುವ ಮಹನೀಯರು ಕೊಠಡಿಯೊಂದನ್ನು ಕಟ್ಟಿಸಿಕೊಡುತ್ತಿದ್ದರು. ಅದಾಗದವರು ಬೀರು, ಗೋಡೆಗಡಿಯಾರ, ಪುಸ್ತಕಗಳನ್ನು ತಂದುಕೊಡುತ್ತಿದ್ದರು. ಕೊಟ್ಟ ವಸ್ತು ಕೊಟ್ಟಂತೆಯೇ ಬಹುಕಾಲ ಉಳಿಯುತ್ತಿತ್ತು. ಈಗ ಬರುವ ದಾನದಲ್ಲಿ ಗಣಕಯಂತ್ರಗಳ ಪಾಲು ದೊಡ್ಡದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ ನಿಂತ ಮೇಲೆ, ಮುಂದಿನ ಆವೃತ್ತಿಗೆ ಏರಲಾರದ ಯಂತ್ರಗಳನ್ನು ಬೆಂಗಳೂರು, ದಾವಣಗೆರೆಗಳ ಕಛೇರಿಗಳು ಹೊರಗಿಡತೊಡಗಿವೆ. ಅಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಅವನ್ನು ಬಿಳಿಚೋಡಿನಂಥ ಊರುಗಳ ಶಾಲೆಗಳಿಗೆ ತಲುಪಿಸಲು ಮುಂದಾಗುವುದು ಅಭಿನಂದನೀಯವೇ ಸರಿ. ಯಂತ್ರ ಸಶಕ್ತವಾಗಿದೆ, ಅದಕ್ಕೆ ತಕ್ಕ ಕಾರ್ಯಾಚರಣ ವ್ಯವಸ್ಥೆ ಬೇಕು, ಲಿನಕ್ಸ್ ಎಂಬುದು ಬೆಲೆಯಿಲ್ಲದೆ ದೊರೆಯುತ್ತದೆ ಎಂಬಲ್ಲಿಗೆ ಮಾತು ಮುಗಿಯಿತೆಂದು ಅನೇಕರು ಭಾವಿಸುತ್ತಾರೆ.

ಮಾತು ಆರಂಭವಾಗುವುದೇ ಅಲ್ಲಿಂದ. ಲಿನಕ್ಸ್ ಒಂದಲ್ಲ, ಹಲವು. ಒಂದರಲ್ಲಿ ಓಡುವ ಕ್ರಮವಿಧಿ ಇನ್ನೊಂದರಲ್ಲಿ ಓಡದಿರಬಹುದು. ಇಂದು ಓಡಿದ್ದು ನಾಳೆ ನಿಲ್ಲಬಹುದು. ಪಾಠ ಹೇಳುವ ಉಪಾಧ್ಯಾಯರು ಹಲಗೆಯ ಮೇಲೆ ನಾಲ್ಕು ಸಾಲು ಬರೆದು ಮಕ್ಕಳಿಂದ ಮಾಡಿಸಹೊರಟಾಗ ಪರದೆಯ ಮೇಲೆ ಕೆಂಪಕ್ಷರದ ದೂರು ಕಾಣಿಸಿಕೊಂಡರೆ, ಆ ದಿನದ ಪಾಠ ಅಲ್ಲಿಗೆ ಕೆಟ್ಟಿತು. ಎರಡು ಮೂರು ಬಾರಿ ಹೀಗಾದರೆ ಕೊಠಡಿಗೆ ಬೀಗ ಬೀಳುತ್ತದೆ, ದಾನಿಗಳ ಯಂತ್ರಗಳು ಹೊದಿಕೆಯ ಕೆಳಗೆ ಧೂಳು ಹಿಡಿಯುತ್ತವೆ. ಇಂಥ ಕೊಠಡಿಗಳು ಮುಚ್ಚುವುದು ಯಂತ್ರ ಕೆಟ್ಟದ್ದರಿಂದಲೇ ಎಂದು ತಿಳಿಯುವುದು ಸರಿಯಲ್ಲ. ತಂತ್ರಾಂಶಗಳು ಒಂದನ್ನೊಂದು ಹೇಗೆ ಅವಲಂಬಿಸಿವೆ ಎಂಬುದು ತಿಳಿಯದೆ ಹೋದದ್ದೂ ಅಷ್ಟೇ ದೊಡ್ಡ ಕಾರಣ. ಆ ಅವಲಂಬನೆಯ ಸ್ವರೂಪವನ್ನೂ, ತೊಡಕು ಬಂದಾಗ ಬಿಡಿಸುವ ಬಗೆಯನ್ನೂ, ಅದನ್ನನುಸರಿಸಿ ವಿತರಣೆಯೊಂದನ್ನು ಆರಿಸುವ ಕ್ರಮವನ್ನೂ ಪ್ರಸ್ತುತ ಲೇಖನದಲ್ಲಿ ಯಥಾಮತಿ ವಿವೇಚಿಸಲಾಗಿದೆ.

ವಿತರಣೆ ಎಂದರೇನು

ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದು ಹೊರಗಿಟ್ಟದ್ದು ವ್ಯವಸ್ಥೆಯ ತಿರುಳು ಮಾತ್ರ. ಅದರ ಸುತ್ತ ಬೇಕಾದ ಸಾಧನಗಳಲ್ಲಿ ಬಹುಭಾಗವನ್ನು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಆಗಲೇ ಸಿದ್ಧಪಡಿಸಿತ್ತು. ತಿರುಳು, ಸಾಧನಗಳು, ಅಕ್ಷರಮಾದರಿಗಳು, ಸಂಪಾದಕಗಳು ಇವನ್ನೆಲ್ಲ ಒಂದೆಡೆ ಕೂಡಿಸಿ, ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸಿ, ಸಾಮಾನ್ಯರು ಬಳಸುವಂತೆ ಒದಗಿಸುವ ಕಾರ್ಯವೇ ವಿತರಣೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್, ಅದರ ಆಧಾರದ ಮೇಲೆ 2004ರಲ್ಲಿ ಬಂದ ಉಬುಂಟು, 2003ರ ಫೆಡೋರಾ, 2002ರ ಆರ್ಚ್ ಇವು ಅಂಥವು. ನಮ್ಮ ದೇಶದಲ್ಲಿಯೇ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ನಿನ ಆಧಾರದಿಂದ ಬಾಸ್ ಎಂಬ ವಿತರಣೆಯನ್ನು ರೂಪಿಸಿತು.

ಮಠದ ದಾಸೋಹವನ್ನು ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ಪಂಕ್ತಿಯಲ್ಲಿ ಕುಳಿತವನಿಗೆ ಕಾಣುವುದು ಎಲೆಯ ಮೇಲಿನ ಅನ್ನ ಸಾರು ಮಾತ್ರ. ಅದರ ಹಿಂದೆ ಉಗ್ರಾಣವುಂಟು. ಉಗ್ರಾಣದಲ್ಲಿ ಯಾವುದು ಎಷ್ಟಿದೆ, ಯಾವುದು ಹುಳು ಹಿಡಿದಿದೆ, ಸಾರಿಗೆ ಬೇಳೆ ಬೇಕಾದರೆ ಜೊತೆಗೆ ಹುಣಸೆ, ಉಪ್ಪು, ಖಾರ ಹೊರಬರಬೇಕು ಎಂಬುದನ್ನು ಬಲ್ಲ ಉಗ್ರಾಣಿಯೂ ಉಂಟು. ಲಿನಕ್ಸ್ ವಿತರಣೆಗೂ ಇಂಥ ಉಗ್ರಾಣವಿದೆ. ಅದರಲ್ಲಿ ಸಾವಿರಾರು ಪ್ಯಾಕೇಜುಗಳು. ಉಗ್ರಾಣಿಯ ಕೆಲಸವನ್ನು ಡೆಬಿಯನ್, ಉಬುಂಟುಗಳಲ್ಲಿ ಆಪ್ಟ್ ಎಂಬ ಸಾಧನ ಮಾಡುತ್ತದೆ. ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮನ್. ಬಳಕೆದಾರ ಒಂದನ್ನು ಕೇಳಿದರೆ, ಅದಕ್ಕೆ ಬೇಕಾದ ಇತರ ಹತ್ತನ್ನು ತಾನೇ ಗೊತ್ತುಮಾಡಿ ತರುವುದು ಇವುಗಳ ಕರ್ತವ್ಯ. 1999ರಲ್ಲಿ ಡೆಬಿಯನ್ನಿನ 2.1ನೆಯ ಆವೃತ್ತಿಯೊಡನೆ ಆಪ್ಟ್ ಬರುವ ಮುನ್ನ ಈ ಹತ್ತನ್ನು ಮನುಷ್ಯನೇ ಹುಡುಕಿ ಜೋಡಿಸಬೇಕಾಗುತ್ತಿತ್ತು.

ಕನ್ನಡದ್ದೇ ಒಂದು ಉದಾಹರಣೆ ನೋಡೋಣ. ಡೆಬಿಯನ್ನಿನಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಎಂಬ ಪ್ಯಾಕೇಜಿದೆ. ಅದನ್ನು ಬಿಚ್ಚಿ ನೋಡಿದರೆ ಒಳಗೆ ಅಕ್ಷರಮಾದರಿ ಯಾವುದೂ ಇಲ್ಲ! ಅದರಲ್ಲಿರುವುದು 'ನನಗೆ ಇವು ಬೇಕು' ಎಂಬ ಪಟ್ಟಿ ಮಾತ್ರ. ಲೋಹಿತ್, ಗುಬ್ಬಿ, ನವಿಲು ಎಂಬ ಮೂರು ಕನ್ನಡ ಅಕ್ಷರಮಾದರಿಗಳ ಹೆಸರು ಆ ಪಟ್ಟಿಯಲ್ಲಿವೆ. ಬರಿದಾದ ಪ್ಯಾಕೇಜನ್ನು ಕೇಳಿದವನಿಗೆ ಮೂರೂ ದೊರೆಯುತ್ತವೆ. ಅವಲಂಬನೆ ಎಂಬುದರ ಶುದ್ಧರೂಪ ಇದು.

ವ್ಯಾಕರಣ ಓದಿದವರಿಗೆ ಇನ್ನೊಂದು ಸಾದೃಶ್ಯ ಹೊಳೆಯದಿರದು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4,000 ಸೂತ್ರಗಳಿವೆ. ಅನೇಕ ಸೂತ್ರಗಳನ್ನು ಬಿಡಿಯಾಗಿ ಓದಿದರೆ ಅರ್ಥವೇ ಆಗುವುದಿಲ್ಲ. ಹಿಂದಿನ ಸೂತ್ರದ ಪದವನ್ನು ಮುಂದಕ್ಕೆ ತಂದುಕೊಂಡು ಓದಬೇಕು. ಇದಕ್ಕೆ ಅನುವೃತ್ತಿ ಎಂದು ಹೆಸರು. ನಡುವಿನ ಒಂದು ಸೂತ್ರವನ್ನು ಕಿತ್ತು ಬೇರೆಡೆ ಇಟ್ಟರೆ ಎಷ್ಟೋ ಮುಂದಿನ ಸೂತ್ರ ಅರ್ಥಹೀನವಾಗುತ್ತದೆ. ನಮ್ಮ ನೆರೆಯ ಸಿರಿಗೆರೆಯ ಶ್ರೀ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಈ ಗ್ರಂಥವನ್ನೇ ಗಣಕಕ್ಕೆ ಅಳವಡಿಸಿ 'ಗಣಕಾಷ್ಟಾಧ್ಯಾಯೀ' ಎಂಬ ತಂತ್ರಾಂಶವನ್ನು ಸಿದ್ಧಪಡಿಸಿರುವುದನ್ನು ಇಲ್ಲಿ ಸ್ಮರಿಸುವುದು ಉಚಿತ. ಸೂತ್ರಗಳ ಅವಲಂಬನೆಯನ್ನು ಬಿಡಿಸುವವನಿಗೂ ಪ್ಯಾಕೇಜುಗಳ ಅವಲಂಬನೆಯನ್ನು ಬಿಡಿಸುವವನಿಗೂ ಬೇಕಾದ ತಾಳ್ಮೆ ಒಂದೇ ಬಗೆಯದು.

ವ್ಯತ್ಯಾಸವೊಂದುಂಟು. ಪಾಣಿನಿಯ ಸೂತ್ರಗಳು ಬದಲಾಗುವುದಿಲ್ಲ. ತಂತ್ರಾಂಶ ದಿನವೂ ಬದಲಾಗುತ್ತದೆ. ಒಂದು ಪ್ಯಾಕೇಜು 'ನನಗೆ ಇಂಥ ಗ್ರಂಥಾಲಯದ 2ನೆಯ ಆವೃತ್ತಿ ಅಥವಾ ಮೇಲಿನದು ಬೇಕು' ಎನ್ನುತ್ತದೆ. ಮತ್ತೊಂದು 'ಅದೇ ಗ್ರಂಥಾಲಯ 2ಕ್ಕಿಂತ ಕೆಳಗಿರಬೇಕು' ಎನ್ನುತ್ತದೆ. ಎರಡನ್ನೂ ಏಕಕಾಲಕ್ಕೆ ತೃಪ್ತಿಪಡಿಸುವ ದಾರಿ ಕೆಲವೊಮ್ಮೆ ಇರುವುದೇ ಇಲ್ಲ. ದಾರಿ ಇದೆಯೇ ಎಂದು ಹುಡುಕುವ ಲೆಕ್ಕವು ಗಣಕಶಾಸ್ತ್ರದಲ್ಲಿ ಕಠಿಣತಮವೆಂದು ಹೆಸರಾದ ವರ್ಗಕ್ಕೆ ಸೇರಿದ್ದೆಂದು ಶಾಸ್ತ್ರಜ್ಞರು ತೋರಿಸಿದ್ದಾರೆ. ಆದಕಾರಣ ಉಗ್ರಾಣಿ ಒಮ್ಮೊಮ್ಮೆ ಕೈಚೆಲ್ಲಿ ಕುಳಿತರೆ ಅದರ ಮೇಲೆ ಕೋಪಿಸಿಕೊಳ್ಳುವುದು ನ್ಯಾಯವಲ್ಲ.

ನನ್ನಿಂದಲೇ ಆದ ಒಂದು ಪ್ರಮಾದ

ಉಬುಂಟು 20.04 ಇದ್ದ ಒಂದು ಯಂತ್ರದಲ್ಲಿ ಪೈಥಾನ್ ಭಾಷೆಯ 3.8ನೆಯ ಆವೃತ್ತಿ ಇತ್ತು. ಪಠ್ಯದಲ್ಲಿದ್ದ ಅಭ್ಯಾಸವೊಂದಕ್ಕೆ ಹೊಸ ಆವೃತ್ತಿ ಬೇಕಾಯಿತು. ನಾನು ಹೊರಗಿನ ಉಗ್ರಾಣವೊಂದರಿಂದ 3.11ನ್ನು ತಂದು ಹಾಕಿದೆ. ಅಷ್ಟಕ್ಕೇ ನಿಂತಿದ್ದರೆ ಬಾಧೆಯಿರಲಿಲ್ಲ. 'ಪೈಥಾನ್3' ಎಂದು ಕರೆದಾಗಲೆಲ್ಲ ಹೊಸದೇ ಬರಲಿ ಎಂದು ವ್ಯವಸ್ಥೆಯ ಕೊಂಡಿಯನ್ನೇ ಬದಲಿಸಿದೆ. ಅಭ್ಯಾಸ ಸೊಗಸಾಗಿ ಓಡಿತು. ಅದೇ ಕ್ರಮವನ್ನು ಕೊಠಡಿಯ ಉಳಿದ ಯಂತ್ರಗಳಿಗೂ ಅನ್ವಯಿಸಿ ನೆಮ್ಮದಿಯಿಂದ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮಕ್ಕಳು ಆಜ್ಞೆ ಬರೆಯುವ ಕಿಟಕಿಯನ್ನು ತೆರೆಯಹೋದರೆ ಅದು ತೆರೆಯಲೊಲ್ಲದು. ಒತ್ತಿದರೆ ಕ್ಷಣಕಾಲ ಮಿನುಗಿ ಮಾಯವಾಗುತ್ತದೆ. ಒಂದು ಯಂತ್ರದಲ್ಲಲ್ಲ, ಎಲ್ಲದರಲ್ಲೂ. ಎರಡು ದಿನಗಳಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಮಕ್ಕಳು ತಾವು ಬರೆದದ್ದನ್ನು ಪೋಷಕರಿಗೆ ತೋರಿಸಲು ಸಿದ್ಧರಾಗಿದ್ದರು. ವೈರಾಣುವಿನ ಬಾಧೆಯೆಂದು ಒಬ್ಬರು, ಹಳೆಯ ಯಂತ್ರವಾದ್ದರಿಂದ ಹೀಗೆಂದು ಇನ್ನೊಬ್ಬರು ಹೇಳಿದರು. ನನಗೂ ಮೊದಲು ಯಂತ್ರಗಳ ಮೇಲೆಯೇ ಸಂಶಯ ಬಂದಿತು. ತನ್ನ ಕೈಕೆಲಸವನ್ನು ಶಂಕಿಸುವುದು ಮನುಷ್ಯನಿಗೆ ಕೊನೆಯಲ್ಲಿ ಹೊಳೆಯುವ ಉಪಾಯ.

ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರಗಳಿಲ್ಲದ ಬರಿಯ ಅಕ್ಷರದ ಪರದೆ ದೊರೆಯುತ್ತದೆ. ಅಲ್ಲಿ ಹೊಕ್ಕು ನೋಡಿದಾಗ 'ಆಪ್ಟ್ ಪಿಕೆಜಿ ಎಂಬ ಭಾಗ ಸಿಗುತ್ತಿಲ್ಲ' ಎಂಬರ್ಥದ ಸಂದೇಶ ಕಾಣಿಸಿತು. ಸಂಗತಿ ಆಗ ಬಯಲಾಯಿತು. ಉಬುಂಟುವಿನಲ್ಲಿ ಆ ಕಿಟಕಿಯನ್ನು ತೆರೆಯುವ ಸಣ್ಣ ಕ್ರಮವಿಧಿಯೂ, ಪ್ಯಾಕೇಜು ನೋಡಿಕೊಳ್ಳುವ ಹಲವು ಸಾಧನಗಳೂ ಪೈಥಾನಿನಲ್ಲಿಯೇ ಬರೆಯಲ್ಪಟ್ಟಿವೆ. ಅವುಗಳ ಒಳಭಾಗಗಳು 3.8ಕ್ಕೆಂದೇ ಸಂಕಲಿಸಲ್ಪಟ್ಟವು, 3.11 ಅವನ್ನು ಗುರುತಿಸದು. ಎರಡೂವರೆ ಅಂಗುಲದ ಪೈಪಿಗೆ ಕೂರಿಸಿದ ಪಂಪಿಗೆ ಎರಡಂಗುಲದ ಪೈಪು ಜೋಡಿಸಿದರೆ ನೀರು ಮೇಲೆ ಬಂದೀತೇ? ಕೊಂಡಿಯನ್ನು ಮತ್ತೆ 3.8ಕ್ಕೆ ತಿರುಗಿಸಿದ ಕೂಡಲೇ ಯಂತ್ರಗಳು ಮೊದಲಿನಂತಾದವು. ಪ್ರದರ್ಶನವೂ ನಡೆಯಿತು.

ವ್ಯವಸ್ಥೆ ತನಗಾಗಿ ಇಟ್ಟುಕೊಂಡ ಪೈಥಾನ್ ಬೇರೆ, ನಾವು ಪಾಠಕ್ಕಾಗಿ ಬಳಸುವ ಪೈಥಾನ್ ಬೇರೆ ಎಂಬ ತಿಳಿವಳಿಕೆ ನನಗೆ ಹೀಗೆ ಬಂದಿತು. ಇದೇ ಬಗೆಯ ಪ್ರಮಾದ ಲೋಕದಲ್ಲೆಲ್ಲ ನಡೆಯುತ್ತಿದ್ದುದರಿಂದಲೇ 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12, 2024ರ ಉಬುಂಟು 24.04 ಮುಂತಾದವುಗಳಲ್ಲಿ ಹೊಸ ತಡೆಯೊಂದನ್ನು ಇಡಲಾಗಿದೆ. ಪೈಥಾನಿನ ಸ್ವಂತ ಉಗ್ರಾಣಿಯಾದ ಪಿಪ್‌ನಿಂದ ವ್ಯವಸ್ಥೆಯೊಳಗೆ ನೇರವಾಗಿ ಏನನ್ನಾದರೂ ಹಾಕಹೋದರೆ 'ಈ ಪರಿಸರ ಹೊರಗಿನಿಂದ ನಿರ್ವಹಿಸಲ್ಪಡುತ್ತಿದೆ' ಎಂದು ಅದು ನಿರಾಕರಿಸುತ್ತದೆ. ಈ ನಿರಾಕರಣೆಯನ್ನು ದಾಟುವ ಒಂದು ಆಜ್ಞೆಯೂ ಉಂಟು. ಅದರ ಹೆಸರಿನಲ್ಲಿಯೇ 'ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ' ಎಂಬ ಅರ್ಥವಿದೆ. ಹೆಸರನ್ನು ಓದಿಯೂ ಅದನ್ನು ಬಳಸುವ ಸಾಹಸಿಗಳಿಗೆ ಕೊರತೆಯಿಲ್ಲ. ಸರಿಯಾದ ಮಾರ್ಗವೆಂದರೆ ವೀಎನ್ವ್ ಎಂಬ ಸಾಧನದಿಂದ ಪ್ರತಿ ಅಭ್ಯಾಸಕ್ಕೂ ಪ್ರತ್ಯೇಕ ಕೋಣೆಯನ್ನು ಮಾಡಿಕೊಂಡು ಬೇಕಾದುದನ್ನು ಅದರೊಳಗೆ ತರುವುದು. ಕೋಣೆ ಕೆಟ್ಟರೆ ಅಳಿಸಿ ಮತ್ತೆ ಕಟ್ಟಬಹುದು; ಮನೆ ಕೆಡುವುದಿಲ್ಲ. ಡೆಬಿಯನ್ ಬಳಗದಲ್ಲಿ ಈ ಸಾಧನ ಬೇರೆಯೇ ಪ್ಯಾಕೇಜಾಗಿರುವುದರಿಂದ ಮೊದಲು ಅದನ್ನು ಹಾಕಿರಬೇಕು.

ಎರಡು ಉಗ್ರಾಣಗಳ ನಡುವಿನ ಗೋಡೆ

ಪ್ರೋಗ್ರಾಮಿಂಗ್ ಕಲಿಯುವವನಿಗೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ವಿತರಣೆಗೆ ಒಂದು ಉಗ್ರಾಣವಾದರೆ, ಪ್ರತಿ ಭಾಷೆಗೂ ತನ್ನದೇ ಇನ್ನೊಂದು. ಪೈಥಾನಿಗೆ ಪಿಪ್, ಜಾವಾಸ್ಕ್ರಿಪ್ಟಿಗೆ ಎನ್‌ಪಿಎಂ, ರಸ್ಟ್ ಭಾಷೆಗೆ ಕಾರ್ಗೋ. ಒಂದು ಉಗ್ರಾಣಿಗೆ ಇನ್ನೊಂದರ ಲೆಕ್ಕಪುಸ್ತಕ ತಿಳಿಯದು.

ವಚನ ಸಾಹಿತ್ಯದ ಹಳೆಯ ಅಚ್ಚು ಪುಟವೊಂದರ ಛಾಯಾಪ್ರತಿಯನ್ನು ಗಣಕಕ್ಕೆ ಕೊಟ್ಟು, ಅದರಲ್ಲಿನ ಕನ್ನಡ ಅಕ್ಷರಗಳನ್ನು ಓದಿಸುವ ಅಭ್ಯಾಸವನ್ನು ತೆಗೆದುಕೊಳ್ಳೋಣ. ನಮ್ಮಂಥ ಶಾಲೆಗೆ ಇದು ಅತ್ಯಂತ ಸಹಜವಾದ ಅಭ್ಯಾಸ. ಮಕ್ಕಳು ಇದನ್ನು ಉತ್ಸಾಹದಿಂದ ಮಾಡುತ್ತಾರೆ. ಓದುವ ಕೆಲಸವನ್ನು ಟೆಸೆರಾಕ್ಟ್ ಎಂಬ ಸ್ವತಂತ್ರ ತಂತ್ರಾಂಶ ಮಾಡುತ್ತದೆ. ಪೈಥಾನಿನಿಂದ ಅದನ್ನು ಕರೆಯಲು ಪೈಟೆಸೆರಾಕ್ಟ್ ಎಂಬ ಭಾಗವಿದೆ. ವಿದ್ಯಾರ್ಥಿ ಪಿಪ್‌ನಿಂದ ಪೈಟೆಸೆರಾಕ್ಟನ್ನು ತರುತ್ತಾನೆ. ಯಶಸ್ವಿಯಾಯಿತೆಂಬ ಸಂದೇಶ ಬರುತ್ತದೆ. ಓಡಿಸಿದರೆ 'ಟೆಸೆರಾಕ್ಟ್ ಸ್ಥಾಪಿತವಾಗಿಲ್ಲ' ಎಂಬ ದೂರು. ಈಗ ತಾನೇ ಹಾಕಿದೆನಲ್ಲ ಎಂದು ಅವನು ಮತ್ತೆ ಮತ್ತೆ ಪಿಪ್‌ಗೇ ಹೇಳುತ್ತಾನೆ. ಪೈಟೆಸೆರಾಕ್ಟ್ ಕೇವಲ ಕರೆಗಾರ. ಕೆಲಸಗಾರ ಇರುವುದು ವಿತರಣೆಯ ಉಗ್ರಾಣದಲ್ಲಿ, ಅವನನ್ನು ಆಪ್ಟ್‌ನಿಂದಲೇ ಕರೆತರಬೇಕು ಎಂಬುದನ್ನು ಪಿಪ್ ಹೇಳಲಾರದು. ಆಪ್ಟ್‌ನಿಂದ ಟೆಸೆರಾಕ್ಟ್ ಬಂದ ಮೇಲೆ ಎರಡನೆಯ ದೂರು: ಕನ್ನಡದ ದತ್ತಾಂಶದ ಕಡತ ತೆರೆಯಲಾಗುತ್ತಿಲ್ಲ. ಕೆಲಸಗಾರನಿಗೆ ಕನ್ನಡ ಬರುವುದಿಲ್ಲ! ಕನ್ನಡವನ್ನು ಓದಲು ಬೇಕಾದ ತರಬೇತಿಯ ದತ್ತಾಂಶವು 'ಟೆಸೆರಾಕ್ಟ್-ಓಸಿಆರ್-ಕೆಎಎನ್' ಎಂಬ ಮತ್ತೊಂದು ಪ್ಯಾಕೇಜಿನಲ್ಲಿದೆ. ಅದನ್ನೂ ತಂದರೆ ಪುಟದ ಅಕ್ಷರಗಳು ಪರದೆಯ ಮೇಲೆ ಮೂಡುತ್ತವೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಓದುತ್ತದೆ, ಅದು ಬೇರೆ ಮಾತು.

ಉಪಾಧ್ಯಾಯರು ಇಲ್ಲಿ ಗಮನಿಸಬೇಕಾದದ್ದು, ಎರಡು ದೂರುಗಳೂ ಒಂದೇ ತೊಡಕಿನ ಪುನರಾವೃತ್ತಿಯಲ್ಲ. ಒಂದೊಂದು ದೂರೂ ಒಂದು ಮೆಟ್ಟಿಲು ಮುಂದೆ ಬಂದದ್ದರ ಗುರುತು. ದೂರಿನ ಮಾತು ಬದಲಾಯಿತೆಂದರೆ ಕೆಲಸ ಸಾಗುತ್ತಿದೆ ಎಂದೇ ತಿಳಿಯಬೇಕು. ಮಕ್ಕಳಿಗೆ ಈ ಮಾತನ್ನು ಹೇಳದಿದ್ದರೆ ಎರಡನೆಯ ದೂರಿಗೇ ಧೈರ್ಯಗೆಡುತ್ತಾರೆ. ಸಿ ಭಾಷೆಯ ಭಾಗಗಳನ್ನು ಸಂಕಲಿಸುವಾಗಲೂ ಹೀಗೆಯೇ. 'ಪೈಥಾನ್.ಎಚ್ ಎಂಬ ಕಡತವಿಲ್ಲ' ಎಂದು ಬಂದರೆ ಪೈಥಾನ್ ಇಲ್ಲವೆಂದಲ್ಲ. ಓಡಿಸಲು ಬೇಕಾದ ಭಾಗ ಮಾತ್ರ ಇದೆ, ಅದರ ಮೇಲೆ ಹೊಸದನ್ನು ಕಟ್ಟಲು ಬೇಕಾದ ಶಿರೋಕಡತಗಳು 'ಡೆವ್' ಎಂದು ಕೊನೆಗೊಳ್ಳುವ ಪ್ರತ್ಯೇಕ ಪ್ಯಾಕೇಜಿನಲ್ಲಿವೆ ಎಂದರ್ಥ. 'ಜಿಲಿಬ್‌ಸಿ 2.28 ದೊರೆಯಲಿಲ್ಲ' ಎಂಬ ದೂರು ಇದಕ್ಕಿಂತ ಗಂಭೀರ. ಅದು ವ್ಯವಸ್ಥೆಯ ತಳಪಾಯದ ಗ್ರಂಥಾಲಯ. ಉಬುಂಟು 18.04ರಲ್ಲಿದ್ದದ್ದು 2.27, 2022ರಲ್ಲಿ ಬಂದ ನೋಡ್ 18ರ ಸಿದ್ಧಪ್ರತಿಗೆ ಬೇಕಾದದ್ದು 2.28. ಒಂದೇ ಅಂಕದ ಅಂತರ. ತಳಪಾಯವನ್ನು ಮಾತ್ರ ಬದಲಿಸಲು ಹೋಗಬಾರದು. ಇಡೀ ವಿತರಣೆಯನ್ನು ಮೇಲಿನ ಆವೃತ್ತಿಗೆ ಒಯ್ಯಬೇಕು, ಇಲ್ಲವೆ ಹಳೆಯ ನೋಡ್‌ನಲ್ಲಿ ತೃಪ್ತಿಪಡಬೇಕು.

ಹೆಸರು ಬದಲಾದುದರಿಂದ ಬರುವ ತೊಡಕೂ ಉಂಟು. 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುವ 32 ಬಿಟ್ ಲೆಕ್ಕ 2038ರ ಜನವರಿ 19ರಂದು ತುಂಬಿಹೋಗುತ್ತದೆ. ಅದನ್ನು ತಪ್ಪಿಸಲು 2024ರಲ್ಲಿ ಡೆಬಿಯನ್, ಉಬುಂಟುಗಳು ನೂರಾರು ಗ್ರಂಥಾಲಯಗಳನ್ನು ಮರಳಿ ಸಂಕಲಿಸಿ, ಹೆಸರಿನ ಕೊನೆಗೆ 'ಟಿ64' ಎಂದು ಸೇರಿಸಿದವು. ಹಳೆಯ ಪುಸ್ತಕ ನೋಡಿಕೊಂಡು 'ಲಿಬ್‌ಅಸೌಂಡ್2' ಕೇಳಿದವನಿಗೆ ಉಬುಂಟು 24.04 ಇಲ್ಲವೆನ್ನುತ್ತದೆ; 'ಟಿ64' ಸೇರಿಸಿ ಕೇಳಿದರೆ ಕೊಡುತ್ತದೆ.

ದೂರನ್ನು ಓದುವ ಬಗೆ

ನಮ್ಮ ಭಾಗದಲ್ಲಿ ಮೊದಲು ಹೇಳಬೇಕಾದದ್ದು ವಿದ್ಯುತ್ತಿನ ಮಾತು. ಪ್ಯಾಕೇಜು ಹಾಕುತ್ತಿರುವಾಗ ವಿದ್ಯುತ್ತು ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಬಿಚ್ಚಿದ ಪ್ಯಾಕೇಜು ಅಣಿಗೊಳ್ಳದೆ ಉಳಿಯುತ್ತದೆ. ಆಮೇಲೆ ಏನು ಕೇಳಿದರೂ ಆಪ್ಟ್ ಮುಂದುವರಿಯುವುದಿಲ್ಲ. 'ಡಿಪಿಕೆಜಿ' ಎಂಬ ಅಡಿಸಾಧನಕ್ಕೆ ಬಾಕಿ ಉಳಿದದ್ದನ್ನೆಲ್ಲ ಅಣಿಗೊಳಿಸು ಎಂಬ ಆಜ್ಞೆ ಕೊಟ್ಟರೆ ಹೆಚ್ಚಿನ ಸಂದರ್ಭಗಳಲ್ಲಿ ಸರಿಹೋಗುತ್ತದೆ. ಆ ಆಜ್ಞೆ ದೂರಿನ ಸಂದೇಶದಲ್ಲಿಯೇ ಬರೆದಿರುತ್ತದೆ. ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ನಾವು ಓದದೆ ಮುಚ್ಚುತ್ತೇವೆ, ಅಷ್ಟೆ.

ಉಳಿದಂತೆ, ಮೊದಲು ಉಗ್ರಾಣದ ಪಟ್ಟಿಯನ್ನು ಹೊಸದು ಮಾಡಿಕೊಳ್ಳಬೇಕು. ಆರು ತಿಂಗಳ ಹಿಂದಿನ ಪಟ್ಟಿ ಹಿಡಿದು ಕೇಳಿದರೆ ಉಗ್ರಾಣದಲ್ಲಿ ಆ ಸಾಮಾನು ಇರಲಾರದು. ಆ ಮೇಲೆ ದೂರಿನಲ್ಲಿ ಯಾವ ಪ್ಯಾಕೇಜು ಯಾವುದರ ಯಾವ ಆವೃತ್ತಿಯನ್ನು ಬಯಸುತ್ತಿದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. 'ಆಪ್ಟ್ ಪಾಲಿಸಿ' ಎಂದು ಆ ಪ್ಯಾಕೇಜಿನ ಹೆಸರು ಕೊಟ್ಟರೆ ಈಗಿರುವ ಆವೃತ್ತಿ ಯಾವ ಉಗ್ರಾಣದಿಂದ ಬಂದದ್ದೆಂದು ತೋರುತ್ತದೆ. ಹೊರಗಿನ ಯಾವುದೋ ಉಗ್ರಾಣದ ಹೆಸರು ಅಲ್ಲಿ ಕಂಡರೆ ಮೂಲ ಅಲ್ಲಿಯೇ ಇರುವ ಸಂಭವ ಹೆಚ್ಚು. ಡೆಬಿಯನ್ನಿಗೆ ಉಬುಂಟುವಿನ ಉಗ್ರಾಣವನ್ನು ಸೇರಿಸುವುದು, ಸ್ಥಿರ ಆವೃತ್ತಿಗೆ ಪರೀಕ್ಷಾರ್ಥ ಆವೃತ್ತಿಯ ಉಗ್ರಾಣವನ್ನು ಸೇರಿಸುವುದು ಇವು ಒಂದೇ ಒಲೆಯ ಮೇಲೆ ಎರಡು ಮನೆಯವರು ಬೇರೆ ಬೇರೆ ಲೆಕ್ಕದಲ್ಲಿ ಅಡುಗೆ ಮಾಡಿದಂತೆ.

ಅತಿ ಮುಖ್ಯವಾದದ್ದು, 'ಇವನ್ನು ತೆಗೆಯಲಾಗುವುದು' ಎಂಬ ಪಟ್ಟಿ. 2021ರ ನವೆಂಬರಿನಲ್ಲಿ ಕೆನಡಾದ ಪ್ರಸಿದ್ಧ ಯೂಟ್ಯೂಬ್ ನಿರೂಪಕ ಲೈನಸ್ ಸೆಬಾಸ್ಟಿಯನ್ (ಮೇಲೆ ಹೇಳಿದ ಲೈನಸ್ ಅಲ್ಲ) ಪಾಪ್ ಓಎಸ್ ಎಂಬ ವಿತರಣೆಯಲ್ಲಿ ಆಟಗಳ ತಂತ್ರಾಂಶವೊಂದನ್ನು ಹಾಕಹೋದರು. ಆಗ ಉಗ್ರಾಣದಲ್ಲಿದ್ದ ಒಂದು ಹೊಂದಾಣಿಕೆಯ ದೋಷದಿಂದ, ಅದನ್ನು ಹಾಕಬೇಕಾದರೆ ಇಡೀ ಚಿತ್ರಪರದೆಯ ವ್ಯವಸ್ಥೆಯನ್ನೇ ತೆಗೆಯಬೇಕೆಂದು ಆಪ್ಟ್ ಲೆಕ್ಕಹಾಕಿತು. ತೆಗೆಯುವ ಪಟ್ಟಿಯನ್ನು ತೋರಿಸಿ, 'ಹೌದು, ನಾನು ಹೇಳಿದಂತೆ ಮಾಡು' ಎಂದು ಪೂರ್ತಿ ಬರೆದರೆ ಮಾತ್ರ ಮುಂದುವರಿಯುವೆನೆಂದಿತು. ಅವರು ಬರೆದರು, ಅದು ಹೇಳಿದಂತೆಯೇ ಮಾಡಿತು. ಲಕ್ಷಾಂತರ ಜನ ಆ ದೃಶ್ಯವನ್ನು ನೋಡಿದ್ದಾರೆ. ನಗುವವರು ನಗಲಿ, ನಮ್ಮಲ್ಲಿ ಪಟ್ಟಿಯನ್ನು ಓದದೆ 'ವೈ' ಒತ್ತದವರು ಎಷ್ಟು ಮಂದಿ ಇದ್ದಾರೆ?

ಆಯ್ಕೆಯ ವಿಚಾರ

ಯಾವ ವಿತರಣೆ ಶ್ರೇಷ್ಠವೆಂಬ ವಾದ ತರುಣರಲ್ಲಿ ಬಿಸಿಯಾಗಿ ನಡೆಯುತ್ತಿರುತ್ತದೆ. ಕೇಳಬೇಕಾದ ಪ್ರಶ್ನೆ ಅದಲ್ಲ. ಯಾರು ಬಳಸುತ್ತಾರೆ, ಕೆಟ್ಟರೆ ಯಾರು ಸರಿಪಡಿಸುತ್ತಾರೆ ಎಂಬುದು. ಆರ್ಚ್‌ನಲ್ಲಿ ಆವೃತ್ತಿಗಳೆಂಬುದಿಲ್ಲ, ಹೊಸದು ಬಂದಂತೆ ಹರಿದು ಬರುತ್ತಲೇ ಇರುತ್ತದೆ. ಒಂದೆರಡನ್ನು ಮಾತ್ರ ಹೊಸದು ಮಾಡಿ ಉಳಿದುದನ್ನು ಬಿಡುವುದಕ್ಕೆ ಅಲ್ಲಿ ಸಮ್ಮತಿಯಿಲ್ಲ. ಮಾಡಿದರೆ ಎಲ್ಲವನ್ನೂ ಮಾಡಬೇಕು. ತನ್ನದೇ ಯಂತ್ರವುಳ್ಳ, ಕೆಡಿಸಿ ಕಲಿಯುವ ಹುಮ್ಮಸ್ಸಿನ ಪದವಿ ವಿದ್ಯಾರ್ಥಿಗೆ ಇದು ಒಳ್ಳೆಯ ಗುರು. ಫೆಡೋರಾದಲ್ಲಿ ಸುಮಾರು ಆರು ತಿಂಗಳಿಗೊಂದು ಆವೃತ್ತಿ, ಪ್ರತಿಯೊಂದಕ್ಕೂ ಹದಿಮೂರು ತಿಂಗಳ ಆಸುಪಾಸು ಬೆಂಬಲ. ನಿಕ್ಸ್ ಓಎಸ್ ಎಂಬುದರ ಉಪಾಯ ಬೇರೆಯೇ. ಅಲ್ಲಿ ಪ್ರತಿ ಪ್ಯಾಕೇಜೂ ತನ್ನ ಪ್ರತ್ಯೇಕ ವಿಳಾಸದಲ್ಲಿ ವಾಸಿಸುವುದರಿಂದ ಒಂದೇ ಗ್ರಂಥಾಲಯದ ಎರಡು ಆವೃತ್ತಿಗಳು ಜಗಳವಿಲ್ಲದೆ ಇರಬಲ್ಲವು. ವಿಚಾರ ಸುಂದರ, ಕಲಿಕೆ ಕಡಿದು, ತಟ್ಟೆಯ ಜಾಗವೂ ಹೆಚ್ಚು ಬೇಕು.

ಶಾಲೆಯ ಕೊಠಡಿಗೆ ನನ್ನ ಅಭಿಪ್ರಾಯದಲ್ಲಿ ಡೆಬಿಯನ್ನಿನ ಸ್ಥಿರ ಆವೃತ್ತಿ ಅಥವಾ ಉಬುಂಟುವಿನ ದೀರ್ಘಾವಧಿ ಆವೃತ್ತಿಯೇ ಯೋಗ್ಯ. ಎರಡನೆಯದಕ್ಕೆ ಐದು ವರ್ಷಗಳ ಸಾಮಾನ್ಯ ಬೆಂಬಲವಿದೆ. ಇವುಗಳಲ್ಲಿನ ತಂತ್ರಾಂಶ ಸ್ವಲ್ಪ ಹಳೆಯದೆಂಬ ಆಕ್ಷೇಪ ನಿಜ. ಆದರೆ ಹೊಸತಿಗೂ ಬೆಲೆಯುಂಟು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ, ಎಲ್ಲೆಡೆ ಬಳಕೆಯಲ್ಲಿರುವ ಪುಟ್ಟ ಗ್ರಂಥಾಲಯದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇರಿಸಿದ್ದು ಪತ್ತೆಯಾಯಿತು. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂದ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಬೆನ್ನುಹತ್ತಿದ್ದರಿಂದ ಅದು ಬೆಳಕಿಗೆ ಬಂದಿತು. ಡೆಬಿಯನ್ನಿನ ಪರೀಕ್ಷಾರ್ಥ ಶಾಖೆಗಳಿಗೆ ಅದು ಆಗಲೇ ತಲುಪಿತ್ತು; ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ.

ಒಂದು ಕೊಠಡಿಗೆ ಒಂದೇ ವಿತರಣೆ, ಒಂದೇ ಆವೃತ್ತಿ ಇರಬೇಕೆಂಬುದಕ್ಕೆ ಕಾಸರಗೋಡಿನ ಕನ್ನಡ ಶಾಲೆಗಳತ್ತ ನೋಡಬಹುದು. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಡಿಸಿದ ಶಾಲಾ ತಂತ್ರಜ್ಞಾನ ಯೋಜನೆಯು ಉಬುಂಟುವಿನ ಆಧಾರದ ಮೇಲೆ ತನ್ನದೇ ವಿತರಣೆಯನ್ನು ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತದೆ. ಪಠ್ಯಪುಸ್ತಕದಲ್ಲಿ ಯಾವ ತಂತ್ರಾಂಶದ ಪಾಠವಿದೆಯೋ ಅದು ವಿತರಣೆಯಲ್ಲಿ ಮೊದಲೇ ಇರುತ್ತದೆ. ನಮ್ಮ ರಾಜ್ಯದಲ್ಲಿಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಡಿ.ಎಸ್.ಇ.ಆರ್.ಟಿ.ಯ ಜೊತೆಗೂಡಿ ವಿಷಯ ಶಿಕ್ಷಕರಿಗೆ ಉಬುಂಟುವಿನ ಮೇಲೆ ತರಬೇತಿ ನೀಡಿದ್ದುಂಟು. ಪ್ರತಿ ಯಂತ್ರಕ್ಕೂ ಅದನ್ನು ಕೊಟ್ಟ ದಾನಿಯ ಇಷ್ಟದ ವಿತರಣೆ ಎಂದಾದರೆ ಒಂದೇ ಪಾಠಕ್ಕೆ ಇಪ್ಪತ್ತು ಬಗೆಯ ದೂರುಗಳನ್ನು ಬಿಡಿಸಬೇಕಾಗುತ್ತದೆ.

ಹಳೆಯ ಅಚ್ಚು, ಹಳೆಯ ಯಂತ್ರ

ಅವಲಂಬನೆ ಕ್ರಮವಿಧಿಗಳಿಗಷ್ಟೇ ಸೀಮಿತವಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ ಮುಂತಾದ ಲಿಪಿ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಬರಹಗಳು ಆಯಾ ಅಕ್ಷರಮಾದರಿಯನ್ನೇ ಅವಲಂಬಿಸಿವೆ. ಆ ಮಾದರಿಯಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ, ಚಿಹ್ನೆಗಳ ಗೊಂದಲ. ಹಳೆಯ ಸ್ಮರಣ ಸಂಚಿಕೆಗಳ ಹಸ್ತಪ್ರತಿಗಳು, ಪುಣ್ಯಸ್ಮರಣೆಯ ಭಾಷಣಗಳು ಹೀಗೆ ತಟ್ಟೆಗಳಲ್ಲಿ ಸಿಕ್ಕಿಕೊಂಡಿರುವ ಸಂಸ್ಥೆಗಳು ವಿಂಡೋಸನ್ನು ಅಳಿಸುವ ಮೊದಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಪರಿವರ್ತಕಗಳು ಬೆಲೆಯಿಲ್ಲದೆ ದೊರೆಯುತ್ತವೆ. ಅರ್ಕಾವೊತ್ತಿನ ಸ್ಥಾನವನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕು. ನುಡಿಯ ಕೀಲಿಮಣೆಗೆ ಒಗ್ಗಿದವರು ಅಂಜಬೇಕಾಗಿಲ್ಲ. ಕಗಪ ವಿನ್ಯಾಸ ಲಿನಕ್ಸ್‌ನಲ್ಲಿಯೂ ಉಂಟು.

ದಾನ ಮಾಡುವ ಮಹನೀಯರಲ್ಲಿ ಒಂದೆರಡು ಬಿನ್ನಹಗಳಿವೆ. ಯಂತ್ರ 64 ಬಿಟ್ಟಿನದೇ ಎಂದು ಮೊದಲು ನೋಡಿರಿ. ಬಹು ಹಳೆಯ 32 ಬಿಟ್ ಯಂತ್ರಗಳಿಗೆ ಸ್ಥಾಪಕವನ್ನು ಕೊಟ್ಟ ಡೆಬಿಯನ್ನಿನ ಕೊನೆಯ ಆವೃತ್ತಿ 12. 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ ಅದಿಲ್ಲ. ಇಪ್ಪತ್ತೊಂದನೆಯ ಯಂತ್ರ ಕೊಡುವ ಬದಲು, ಇರುವ ಇಪ್ಪತ್ತಕ್ಕೆ ಒಂದು ಯುಪಿಎಸ್ ಕೊಟ್ಟರೆ ಅರ್ಧಕ್ಕೆ ನಿಂತ ಪ್ಯಾಕೇಜುಗಳ ಉಪದ್ರವ ತಪ್ಪುತ್ತದೆ. ತಿರುಗುವ ತಟ್ಟೆಯ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ವರ್ಷದ ಯಂತ್ರವೂ ಪಾಠಕ್ಕೆ ಸಾಕಾಗುವಷ್ಟು ಚುರುಕಾಗುತ್ತದೆ. ಅಂತರಜಾಲದ ವೇಗ ಕಡಿಮೆಯಿರುವಲ್ಲಿ 'ಆಪ್ಟ್-ಕ್ಯಾಷರ್-ಎನ್‌ಜಿ' ಎಂಬ ಸಾಧನವನ್ನು ಒಂದು ಯಂತ್ರದಲ್ಲಿ ಹಾಕಿದರೆ, ಅದು ಒಮ್ಮೆ ಇಳಿಸಿಕೊಂಡ ಪ್ಯಾಕೇಜನ್ನು ತನ್ನಲ್ಲಿ ಇರಿಸಿಕೊಂಡು ಉಳಿದ ಯಂತ್ರಗಳಿಗೆ ಕೊಠಡಿಯ ಒಳಗಿನಿಂದಲೇ ಹಂಚುತ್ತದೆ. ಆ ಒಂದು ಯಂತ್ರದ ತಟ್ಟೆ ದೊಡ್ಡದಾಗಿದ್ದರೆ ಸಾಕು; ಪರದೆ ಇಲ್ಲದಿದ್ದರೂ ನಡೆಯುತ್ತದೆ.

ಕೊಠಡಿಯಲ್ಲಿ ದಪ್ಪ ರಟ್ಟಿನ ಪುಸ್ತಕವೊಂದನ್ನು ಇಟ್ಟು, ಯಾವ ದಿನ ಯಾವ ಪ್ಯಾಕೇಜು ಯಾವ ಉಗ್ರಾಣದಿಂದ ಬಂದಿತು, ಏನು ದೂರು ಬಂದಿತು, ಹೇಗೆ ಬಿಡಿಸಲಾಯಿತು ಎಂಬುದನ್ನು ಮಕ್ಕಳ ಕೈಯಲ್ಲಿಯೇ ಬರೆಯಿಸುವುದು ನಾನು ಪ್ರದರ್ಶನದ ಆ ಘಟನೆಯ ನಂತರ ಇರಿಸಿಕೊಂಡ ರೂಢಿ. ಮೊದಲ ಪುಟದಲ್ಲಿರುವುದು ನನ್ನ ಪೈಥಾನ್ ಕೊಂಡಿಯ ಪ್ರಮಾದವೇ. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಅದನ್ನು ದುಂಡಾದ ಅಕ್ಷರಗಳಲ್ಲಿ ಬರೆದು, 'ಮಾಡಿದವರು' ಎಂಬ ಅಂಕಣದಲ್ಲಿ ನನ್ನ ಹೆಸರನ್ನು ಸ್ಪಷ್ಟವಾಗಿ ನಮೂದಿಸಿದ್ದಾಳೆ.